ರಣಭೂಮಿಗೆ ಬಂದವರನ್ನು ಬರಮಾಡಿಕೊಳ್ಳುವ ಬಗೆ: ಶ್ರೀರಂಗಪಟ್ಟಣದ ಸ್ವಯಂಸೇವಕರಿಗೊಂದು ಕೈಪಿಡಿ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಪ್ರವಾಸಿ ವಾಹನಗಳು ಶ್ರೀರಂಗಪಟ್ಟಣದಲ್ಲಿ ನಿಲ್ಲುವುದು ಹೆಚ್ಚೆಂದರೆ ಎರಡು ಗಂಟೆ. ರಂಗನಾಥನ ದರ್ಶನ, ದರಿಯಾ ದೌಲತ್‌ನಲ್ಲಿ ನಾಲ್ಕು ಫೋಟೊ, ಗುಂಬಜ್‌ಗೊಂದು ಸುತ್ತು, ಸಂಗಮದಲ್ಲಿ ಕಾಲು ತೊಳೆದುಕೊಂಡರೆ ಊರು ನೋಡಿ ಆಯಿತು. 1799ರ ಮೇ 4ರಂದು ಇಲ್ಲಿ ಏನಾಯಿತು, ಯಾವ ಗೋಡೆ ಒಡೆಯಿತು, ಯಾವ ಬಾಗಿಲಲ್ಲಿ ಟಿಪ್ಪು ಬಿದ್ದ ಎಂಬುದನ್ನು ನಿಂತು ನೋಡುವವರು ಕಡಿಮೆ. ಅದರಲ್ಲಿ ಪ್ರವಾಸಿಗರ ತಪ್ಪೇನೂ ಇಲ್ಲ. ಈ ರಣಭೂಮಿಗೆ ಒಂದು ಬೇಲಿಯಾಗಲಿ ಒಂದು ಹೆಬ್ಬಾಗಿಲಾಗಲಿ ಇಲ್ಲ. ಅದು ಮನೆ, ಅಂಗಡಿ, ಗುಡಿ, ಮಸೀದಿ, ರೈಲುಹಳಿ ಮತ್ತು ಕಬ್ಬಿನ ಗದ್ದೆಗಳ ನಡುವೆ ಚೆದುರಿಹೋಗಿದೆ. ಚೆದುರಿದ್ದನ್ನು ಜೋಡಿಸಿ ತೋರಿಸಲು ಮನುಷ್ಯರೇ ಬೇಕು.

ಊರಿನ ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ಮೇಷ್ಟ್ರುಗಳು, ಇತಿಹಾಸದ ಆಸಕ್ತರು ಸೇರಿ ಒಂದು ಸ್ವಯಂಸೇವಕ ತಂಡ ಕಟ್ಟಬಹುದು. ಅಂಥ ತಂಡವನ್ನು ನಡೆಸುವವರಿಗೆ, ಅದಕ್ಕೆ ಸೇರುವವರಿಗೆ ನೆರವಾಗಲೆಂದು ಈ ಲೇಖನ. ಇದರಲ್ಲಿ ಹೇಳುವ ಎಲ್ಲದರ ಹಿಂದಿರುವ ಸೂತ್ರ ಒಂದೇ: ಮೊದಲು ಜಾಗ ತೋರಿಸಿ, ನಡೆದದ್ದು ಹೇಳಿ, ತೀರ್ಪನ್ನು ಬಂದವರಿಗೇ ಬಿಡಿ.

ಮೊದಲು ಅನುಮತಿ

ಉತ್ಸಾಹದಲ್ಲಿ ಹಲವರು ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಕೋಟೆಗೋಡೆ ಒಡೆದ ಭಾಗ ಮತ್ತು ಅಲ್ಲಿನ ಸ್ಮಾರಕ ಸ್ತಂಭ, ಟಿಪ್ಪುವಿನ ದೇಹ ಸಿಕ್ಕ ಜಾಗ, ಕರ್ನಲ್ ಬೇಯ್ಲಿ ಬಂದೀಖಾನೆ, ದರಿಯಾ ದೌಲತ್, ಗುಂಬಜ್, ಜಾಮಿಯಾ ಮಸೀದಿ, ರಂಗನಾಥಸ್ವಾಮಿ ದೇವಸ್ಥಾನ ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಆದ್ದರಿಂದ ಇಲಾಖೆಯ ಬೆಂಗಳೂರು ವೃತ್ತದ ಕಚೇರಿಗೆ ಪತ್ರ ಬರೆಯಿರಿ. ತಂಡದಲ್ಲಿ ಯಾರಿದ್ದಾರೆ, ಯಾವ ದಿನ ಎಷ್ಟು ಹೊತ್ತು ಇರುತ್ತೀರಿ, ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬುದನ್ನು ಒಂದೇ ಪುಟದಲ್ಲಿ ತಿಳಿಸಿ. ಅದರ ಪ್ರತಿಯನ್ನು ಪುರಸಭೆ, ತಹಶೀಲ್ದಾರ್ ಕಚೇರಿ ಮತ್ತು ಪೊಲೀಸ್ ಠಾಣೆಗೆ ಕೊಡಿ. ದೇವಸ್ಥಾನ, ಮಸೀದಿ, ಗುಂಬಜ್ ಇಂದಿಗೂ ಪ್ರಾರ್ಥನೆ ನಡೆಯುವ ತಾಣಗಳು. ಅಲ್ಲಿನ ಆಡಳಿತದವರನ್ನು ಖುದ್ದಾಗಿ ಕಂಡು ಮಾತನಾಡಿ.

ಕಾನೂನಿನ ಒಂದೆರಡು ಅಂಶ ತಂಡದ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ರಕ್ಷಿತ ಸ್ಮಾರಕವನ್ನು ಹಾಳುಗೆಡವಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗೋಡೆಯ ಮೇಲೆ ಹೆಸರು ಕೆತ್ತುವವರಿಗೆ ಇದನ್ನು ಮೆತ್ತಗೆ ಹೇಳಿದರೂ ಸಾಕು, ಕೈ ತಾನಾಗಿ ಹಿಂದೆ ಸರಿಯುತ್ತದೆ. ಸ್ವಯಂಸೇವಕರಿಗೂ ಒಂದು ಎಚ್ಚರಿಕೆ: ಸ್ವಚ್ಛತೆಯ ಹೆಸರಿನಲ್ಲಿ ಗೋಡೆಯ ಸಂದಿನಲ್ಲಿ ಬೆಳೆದ ಗಿಡ ಕೀಳುವುದು, ಕಲ್ಲು ಎತ್ತಿಡುವುದು, ಸುಣ್ಣ ಬಳಿಯುವುದು ಸಲ್ಲದು. ಬೇರು ಕಿತ್ತಾಗ ಗಾರೆಯೂ ಅದರೊಂದಿಗೆ ಬರುತ್ತದೆ. ಆ ಕೆಲಸ ಇಲಾಖೆಯ ಸಿಬ್ಬಂದಿಯದು. ನೀವು ಪ್ಲಾಸ್ಟಿಕ್ ಆಯಬಹುದು, ಬಿರುಕು ಕಂಡರೆ ಫೋಟೊ ತೆಗೆದು ತಿಳಿಸಬಹುದು.

ಮಳೆಯ ನಂತರ ಮಣ್ಣು ಕೊಚ್ಚಿದ ಕಡೆ ಹಳೆಯ ನಾಣ್ಯ, ಗುಂಡಿನ ಚೂರು ಕಾಣಿಸಬಹುದು. ಮುಟ್ಟಬೇಡಿ; ಜಾಗ ಗುರುತಿಟ್ಟುಕೊಂಡು ಇಲಾಖೆಗೆ ತಿಳಿಸಿ. ವಸ್ತು ಯಾವ ಮಣ್ಣಿನಲ್ಲಿ, ಎಷ್ಟು ಆಳದಲ್ಲಿ ಇತ್ತು ಎಂಬ ಮಾಹಿತಿ ಕಳೆದುಹೋದರೆ ಆ ವಸ್ತುವಿನ ಅರ್ಧ ಚರಿತ್ರೆಯೇ ಹೋದಂತೆ.

ತಂಡ ಕಟ್ಟುವುದು, ಕೆಲಸ ಹಂಚುವುದು

ಶುರುವಿಗೆ ಎಂಟರಿಂದ ಹತ್ತು ಜನ ಸಾಕು. ನೂರು ಹೆಸರು ಬರೆದುಕೊಂಡು ಭಾನುವಾರ ಬೆಳಿಗ್ಗೆ ಮೂವರು ಬರುವುದಕ್ಕಿಂತ, ಹತ್ತು ಹೆಸರಿದ್ದು ಎಂಟು ಜನ ಬರುವುದು ಮೇಲು. ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು:

• ಸ್ವಾಗತದವರು (ಇಬ್ಬರು): ಬಸ್ಸು, ಕಾರು ನಿಲ್ಲುವ ಕಡೆ ಇರಬೇಕು. ನಕ್ಷೆ ಕೊಡುವುದು, ಶೌಚಾಲಯ ಮತ್ತು ಕುಡಿಯುವ ನೀರು ಎಲ್ಲಿವೆ ಎಂದು ಹೇಳುವುದು, ಬಂದವರ ಬಳಿ ಎಷ್ಟು ಸಮಯವಿದೆ ಎಂದು ಕೇಳಿ ದಾರಿ ಸೂಚಿಸುವುದು ಇವರ ಕೆಲಸ.

• ನಡಿಗೆ ಮುಂದಾಳು: ಗುಂಪನ್ನು ಕರೆದೊಯ್ದು ವಿವರಿಸುವವರು. ಒಂದು ಗುಂಪಿನಲ್ಲಿ ಇಪ್ಪತ್ತು ಜನರಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ.

• ಹಿಂಬದಿಯವರು: ಗುಂಪಿನ ಕೊನೆಯಲ್ಲಿ ನಡೆಯುವವರು. ವಯಸ್ಸಾದವರು ಹಿಂದುಳಿದರೆ, ಮಗುವೊಂದು ಕೋಟೆಗೋಡೆ ಹತ್ತಿದರೆ ಇವರ ಕಣ್ಣಿಗೆ ಮೊದಲು ಬೀಳಬೇಕು.

• ಜಾಗದವರು: ವಾಟರ್ ಗೇಟ್, ಬೇಯ್ಲಿ ಬಂದೀಖಾನೆಯಂಥ ಕಡೆ ನಿಂತೇ ಇದ್ದು, ತಾವಾಗಿ ಬಂದವರಿಗೆ ಎರಡು ಮಾತು ಹೇಳುವವರು.

• ಸಂಯೋಜಕರು: ಯಾರು ಎಲ್ಲಿದ್ದಾರೆ ಎಂದು ತಿಳಿದಿರುವ ಒಬ್ಬರು. ಇವರು ಯಾವ ಗುಂಪನ್ನೂ ಕರೆದೊಯ್ಯಬಾರದು. ಕೈ ಖಾಲಿ ಇದ್ದರೆ ಮಾತ್ರ ಎಲ್ಲಿ ತೊಂದರೆಯೋ ಅಲ್ಲಿಗೆ ಓಡಬಹುದು.

ವಾರದ ಸರದಿ ಪಟ್ಟಿ ಗುರುವಾರವೇ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಲಿ. ಬರಲಾಗದವರು ತಮ್ಮ ಬದಲಿಗೆ ಇನ್ನೊಬ್ಬರನ್ನು ತಾವೇ ಒಪ್ಪಿಸಿ ಸಂಯೋಜಕರಿಗೆ ತಿಳಿಸಬೇಕು ಎಂಬ ನಿಯಮವಿಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ. ಆ ಗುಂಪಿನಲ್ಲಿ ಶುಭೋದಯದ ಸಂದೇಶ, ರಾಜಕೀಯ ವಿಡಿಯೊ ಬೇಡ. ಬಿಸಿಲಿನಲ್ಲಿ ಒಬ್ಬರ ಸರದಿ ಎರಡೂವರೆ ಗಂಟೆ ದಾಟದಿರಲಿ.

ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈ ಮೊದಲ ಮೂರು ದಿನ ನಡೆದ ಕದನದ ಭೂಮಿಯನ್ನು ರಾಷ್ಟ್ರೀಯ ಉದ್ಯಾನವಾಗಿ ಕಾಪಾಡಿದ್ದಾರೆ. ಅಲ್ಲಿ ಸ್ವಯಂಸೇವಕ ಗುಂಪುಗಳು ರಣಭೂಮಿಯ ಒಂದೊಂದು ತಾಣವನ್ನು ವಹಿಸಿಕೊಂಡು ನೋಡಿಕೊಳ್ಳುವ ಪದ್ಧತಿಯಿದೆ. ಪರವಾನಗಿ ಪಡೆದ ಮಾರ್ಗದರ್ಶಿಗಳ ವ್ಯವಸ್ಥೆ 1915ರಿಂದಲೂ ನಡೆದುಬಂದಿದೆ. ಇವೆರಡೂ ನಮಗೆ ಒಗ್ಗುವಂಥವು. ಒಂದು ಕಾಲೇಜಿನ ಎನ್‌ಎಸ್‌ಎಸ್ ಘಟಕ ವಾಟರ್ ಗೇಟನ್ನು, ಇನ್ನೊಂದು ಶಾಲೆ ಸ್ಮಾರಕ ಸ್ತಂಭದ ಆವರಣವನ್ನು ವರ್ಷವಿಡೀ ತಮ್ಮದೆಂದು ನೋಡಿಕೊಂಡರೆ, ಜವಾಬ್ದಾರಿಗೆ ಒಂದು ವಿಳಾಸ ಸಿಗುತ್ತದೆ.

ಇನ್ನೊಂದು ಮಾತು ಮುಖ್ಯ. ಇಲ್ಲಿ ಪರವಾನಗಿ ಪಡೆದ ಗೈಡ್‌ಗಳಿದ್ದಾರೆ, ಆಟೊ ಚಾಲಕರಿದ್ದಾರೆ. ಪ್ರವಾಸಿಗರಿಂದಲೇ ಅವರ ಸಂಸಾರ ನಡೆಯಬೇಕು. ಸ್ವಯಂಸೇವಕರು ಹಣ ಮುಟ್ಟಬಾರದು, ಬಕ್ಷೀಸೂ ಬೇಡ. ದಿನವಿಡೀ ಸುತ್ತಿ ವಿವರವಾಗಿ ನೋಡಬೇಕೆನ್ನುವವರನ್ನು ಗೈಡ್‌ಗಳ ಬಳಿಗೇ ಕಳಿಸಿ. ಶಾಲಾ ಮಕ್ಕಳು, ಗೈಡ್‌ಗೆ ದುಡ್ಡು ಕೊಡಲಾಗದವರು, ಒಂದೇ ಗಂಟೆ ಇರುವವರು ನಿಮ್ಮ ಪಾಲಿಗಿರಲಿ. ಹಳೆಯ ಗೈಡ್‌ಗಳನ್ನು ತರಬೇತಿಗೆ ಕರೆಯಿರಿ. ಊರಿನ ಮೂಲೆ ಮೂಲೆ ಅವರಿಗೆ ಗೊತ್ತು.

ದಾರಿ: ಒಂದು ದಿನದ ಕಥೆ, ಐದು ನಿಲುಗಡೆ

ಗುಡಿಯಿಂದ ಶುರುಮಾಡಿ ಸಿಕ್ಕ ಸಿಕ್ಕ ಕಡೆ ಹೋದರೆ ಕಥೆ ಕಲಸಿಹೋಗುತ್ತದೆ. ಕದನ ನಡೆದ ಕ್ರಮದಲ್ಲೇ ನಡೆಸಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ಪ್ರತಿ ನಿಲುಗಡೆಯಲ್ಲಿ ಮಾತು ನಾಲ್ಕು ನಿಮಿಷ ಮೀರಬಾರದು.

ಒಂದು, ಕೋಟೆಗೋಡೆ ಒಡೆದ ವಾಯವ್ಯ ಮೂಲೆ. ಗುಂಪನ್ನು ನದಿಯ ಕಡೆ ಮುಖ ಮಾಡಿ ನಿಲ್ಲಿಸಿ. ಕಾವೇರಿ ಇಲ್ಲಿ ಎರಡು ಕವಲಾಗಿ ಊರನ್ನು ಸುತ್ತುವರಿದು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಹೊಳೆಯೇ ಈ ಕೋಟೆಯ ಮೊದಲ ಕಂದಕ. ಮುಂಗಾರು ಬಂದು ಹೊಳೆ ತುಂಬಿದರೆ ಮುತ್ತಿಗೆ ಹಾಕಿದವರಿಗೆ ದಾಟಲಾಗುತ್ತಿರಲಿಲ್ಲ. ಮುತ್ತಿಗೆ ಹಾಕಿದ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೆ ಮೇ ತಿಂಗಳ ಆರಂಭದಲ್ಲೇ ನುಗ್ಗುವ ಆತುರವಿದ್ದುದು ಅದಕ್ಕೇ. ಫಿರಂಗಿಗಳು ಗೋಡೆಯಲ್ಲಿ ಕಂಡಿ ತೆರೆದವು. ಮೇ 4ರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಡೇವಿಡ್ ಬೇರ್ಡ್‌ನ ನೇತೃತ್ವದಲ್ಲಿ ಸೈನಿಕರು ಕಲ್ಲುಬಂಡೆಯ ಹೊಳೆ ದಾಟಿ ಹತ್ತಿದರು. ಒಳಬಂದವರು ಎರಡು ದಳವಾಗಿ ಎಡಕ್ಕೂ ಬಲಕ್ಕೂ ಕೋಟೆಗೋಡೆಯ ಮೇಲೆಯೇ ಸಾಗಿದರು. ಇಲ್ಲಿರುವ ಸ್ಮಾರಕ ಸ್ತಂಭ ನಿಂತದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, 1907ರಲ್ಲಿ. ಅದರಲ್ಲಿ ಯಾರ ಹೆಸರುಗಳಿವೆ, ಯಾರವು ಇಲ್ಲ ಎಂದು ಮಕ್ಕಳಿಂದಲೇ ಓದಿಸಿ, ಹುಡುಕಿಸಿ.

ಎರಡು, ವಾಟರ್ ಗೇಟ್ ಮತ್ತು ಟಿಪ್ಪುವಿನ ದೇಹ ಸಿಕ್ಕ ಜಾಗ. ಟಿಪ್ಪು ಉತ್ತರದ ಗೋಡೆಯ ಬಳಿ ಹೋರಾಡುತ್ತ ಹಿಮ್ಮೆಟ್ಟಿ, ಒಳಕೋಟೆಯ ಬಾಗಿಲಿನ ಇಕ್ಕಟ್ಟಿನಲ್ಲಿ ಸಿಲುಕಿ ಬಿದ್ದ. ಸಂಜೆ ಹೆಣಗಳ ರಾಶಿಯ ನಡುವೆ ಅವನ ದೇಹವನ್ನು ಹುಡುಕಿದರು. ಬಾಗಿಲು ಎಷ್ಟು ಕಿರಿದು ಎಂಬುದನ್ನು ಜನ ತಾವೇ ಒಳಹೊಕ್ಕು ನೋಡಲಿ. ಇಲ್ಲಿ ಹೆಚ್ಚು ಮಾತು ಬೇಕಿಲ್ಲ. ಆದರೆ ಆ ರಾತ್ರಿಯ ಮಾತು ಬಿಡಬೇಡಿ. ಕೋಟೆ ಬಿದ್ದ ಮೇಲೆ ಸೈನಿಕರು ಊರನ್ನು ಸುಲಿದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಸುಲಿಗೆ ನಿಂತದ್ದು. ಸುಲ್ತಾನ, ಸೇನಾಪತಿಗಳ ಹೆಸರು ಪುಸ್ತಕದಲ್ಲಿವೆ. ಮನೆ ಮಠ ಕಳೆದುಕೊಂಡ ಊರಿನವರ ಹೆಸರು ಎಲ್ಲೂ ಇಲ್ಲ. ಅವರನ್ನು ನೆನೆಯುವ ಕೆಲಸ ಊರಿನ ಸ್ವಯಂಸೇವಕರದು.

ಮೂರು, ಬೇಯ್ಲಿ ಬಂದೀಖಾನೆ. 1780ರ ಪೊಳ್ಳಿಲೂರು ಕದನದಲ್ಲಿ ಮೈಸೂರಿನವರಿಗೆ ಸೆರೆಸಿಕ್ಕ ಬ್ರಿಟಿಷ್ ಕರ್ನಲ್ ವಿಲಿಯಂ ಬೇಯ್ಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಮುಂದೆ ಕೋಟೆಗೆ ನುಗ್ಗಿದ ಡೇವಿಡ್ ಬೇರ್ಡ್ ಕೂಡ ಅದೇ ಕದನದಲ್ಲಿ ಸಿಕ್ಕಿ ಈ ಊರಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು ಎಂದು ಹೇಳಿದರೆ, ಕೇಳುವವರಿಗೆ ಮೊದಲ ನಿಲುಗಡೆಗೂ ಇದಕ್ಕೂ ನಂಟು ಹೊಳೆಯುತ್ತದೆ.

ನಾಲ್ಕು, ದರಿಯಾ ದೌಲತ್. 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಕದನದ ಚಿತ್ರವಿದೆ. ಅದರಲ್ಲಿ ಗೆದ್ದವರು ಮೈಸೂರಿನವರು. ಆನೆ, ಕುದುರೆ, ಹತ್ತಿ ಉರಿಯುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ ಎಲ್ಲವನ್ನೂ ಮಕ್ಕಳು ಹುಡುಕಿ ಹೇಳಲಿ. ಕೋಟೆ ಬಿದ್ದ ಮೇಲೆ ವೆಲ್ಲೆಸ್ಲಿ ವಾಸವಿದ್ದದ್ದೂ ಇದೇ ಮನೆಯಲ್ಲಿ. ಗೋಡೆ ಮುಟ್ಟಬಾರದು, ಫ್ಲ್ಯಾಶ್ ಬೇಡ ಎಂದು ಒಳಹೋಗುವ ಮುನ್ನವೇ ಹೇಳಿ. ಒಳಗೆ ಗದರುವುದಕ್ಕಿಂತ ಹೊರಗೆ ಕಾರಣ ತಿಳಿಸುವುದು ಒಳ್ಳೆಯದು.

ಐದು, ಗುಂಬಜ್. ತಂದೆ ಹೈದರಲಿಗಾಗಿ ಟಿಪ್ಪು ಕಟ್ಟಿಸಿದ ಗೋರಿಮನೆ. 1799ರ ಮೇ 5ರಂದು ಅವನನ್ನೂ ಇಲ್ಲಿಯೇ ತಂದೆತಾಯಿಯ ಪಕ್ಕದಲ್ಲಿ ಮಣ್ಣುಮಾಡಿದರು. ಚಪ್ಪಲಿ ಬಿಡುವುದು, ದನಿ ತಗ್ಗಿಸುವುದು ಕಡ್ಡಾಯ. ವಿವರಣೆಯೆಲ್ಲ ಹೊರಗಿನ ತೋಟದಲ್ಲೇ ಮುಗಿಯಲಿ.

ಸಮಯ ಉಳಿದರೆ ಎರಡು ಜಾಗ ಸೇರಿಸಬಹುದು. ಒಂದು, ಗ್ಯಾರಿಸನ್ ಸ್ಮಶಾನ. ಕದನ ಮುಗಿದ ಮೇಲೂ ಇಲ್ಲಿದ್ದ ಸೈನಿಕರು ಮತ್ತು ಅವರ ಮನೆಯವರ ಗೋರಿಗಳು ಇಲ್ಲಿವೆ. ಸ್ವಿಟ್ಜರ್ಲೆಂಡ್ ಮೂಲದ ದ ಮ್ಯೂರಾನ್ ರೆಜಿಮೆಂಟಿನವರೂ ಇಲ್ಲಿ ಮಲಗಿದ್ದಾರೆ. ಜ್ವರದ ಕಾಟ ತಾಳದೆ ಊರಿನ ಬ್ರಿಟಿಷ್ ದಂಡು ಬೆಂಗಳೂರಿಗೆ ಹೋದದ್ದರಿಂದಲೇ 1809ರಲ್ಲಿ ಬೆಂಗಳೂರು ದಂಡುಪ್ರದೇಶ ಹುಟ್ಟಿತು. ಇನ್ನೊಂದು, ರೈಲುನಿಲ್ದಾಣದ ಬಳಿಯ ಶಸ್ತ್ರಾಗಾರ. ಜೋಡಿಹಳಿಗೆ ಅಡ್ಡವಾಗಿದ್ದ ಈ ಕಟ್ಟಡವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಮೇಲೆತ್ತಿ ನೂರು ಮೀಟರಿಗೂ ದೂರ ಸರಿಸಿ ಕೂರಿಸಿದರು. ಅಭಿವೃದ್ಧಿ ಬೇಕೋ ಚರಿತ್ರೆ ಬೇಕೋ ಎಂಬ ಪ್ರಶ್ನೆಗೆ ಎರಡೂ ಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಷ್ಟದ ಪ್ರಶ್ನೆ ಬಂದಾಗ

ಟಿಪ್ಪುವಿನ ಹೆಸರೆತ್ತಿದರೆ ಇಂದು ವಾದ ಖಚಿತ. ಬ್ರಿಟಿಷರೊಡನೆ ಹೋರಾಡಿ ಸತ್ತ ವೀರನೆಂದು ಕೈ ಮುಗಿಯುವವರು ಬರುತ್ತಾರೆ. ಕೊಡಗಿನಿಂದ, ಮಲಬಾರಿನಿಂದ, ಸೆರೆಯಾಳಾಗಿ ಇದೇ ಊರಿಗೆ ನಡೆದುಬಂದ ಕರಾವಳಿಯ ಕ್ರೈಸ್ತರ ಮನೆತನಗಳಿಂದ ನೋವಿನ ನೆನಪು ಹೊತ್ತವರೂ ಬರುತ್ತಾರೆ. ಇಬ್ಬರೂ ನಿಮ್ಮ ಅತಿಥಿಗಳೇ. ಸ್ವಯಂಸೇವಕರು ವಕೀಲರಾಗಬಾರದು, ನ್ಯಾಯಾಧೀಶರೂ ಆಗಬಾರದು.

ಇದಕ್ಕೊಂದು ಸುಲಭದ ಶಿಸ್ತಿದೆ. ಹೇಳುವ ಪ್ರತಿ ಮಾತಿಗೂ ಮೂರರಲ್ಲಿ ಒಂದು ಗುರುತು ಹಚ್ಚಿ: ‘ದಾಖಲೆಯಲ್ಲಿದೆ’, ‘ಜನ ಹೇಳುತ್ತಾರೆ’, ‘ಇತಿಹಾಸಕಾರರಲ್ಲಿ ಒಮ್ಮತವಿಲ್ಲ’. ಮೇ 4ರಂದು ಕೋಟೆ ಬಿದ್ದದ್ದು ದಾಖಲೆಯಲ್ಲಿದೆ. ಬಂದೀಖಾನೆಯಲ್ಲಿ ಕೈದಿಗಳನ್ನು ಕೊರಳುದ್ದ ನೀರಿನಲ್ಲಿ ನಿಲ್ಲಿಸುತ್ತಿದ್ದರು ಎಂಬುದು ಜನ ಹೇಳುವ ಮಾತು. ದ್ರೋಹ ಬಗೆದನೆಂಬ ಆರೋಪ ಹೊತ್ತ ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಮಾಡಿದ್ದು ಎಷ್ಟು, ಅವನ ತಲೆಗೆ ಕಟ್ಟಿದ್ದು ಎಷ್ಟು ಎಂಬುದರಲ್ಲಿ ಒಮ್ಮತವಿಲ್ಲ. ಹೀಗೆ ಬೇರ್ಪಡಿಸಿ ಹೇಳುವವರನ್ನು ಎರಡೂ ಕಡೆಯವರು ನಂಬುತ್ತಾರೆ.

ಯಾರಾದರೂ ದನಿ ಏರಿಸಿದರೆ ವಾದಕ್ಕೆ ಇಳಿಯಬೇಡಿ. ‘ನಿಮ್ಮ ಮನೆತನದಲ್ಲಿ ಈ ಬಗ್ಗೆ ಏನು ಹೇಳಿಕೊಂಡು ಬಂದಿದ್ದಾರೆ?’ ಎಂದು ಕೇಳಿ. ಬಹುಪಾಲು ಜನರಿಗೆ ಬೇಕಿರುವುದು ತಮ್ಮ ಮಾತನ್ನು ಒಬ್ಬರು ಕೇಳಿಸಿಕೊಳ್ಳುವುದು. ಅಷ್ಟಾದರೂ ತಣ್ಣಗಾಗದಿದ್ದರೆ ಸಂಯೋಜಕರನ್ನು ಕರೆದು, ಗುಂಪನ್ನು ಮುಂದಿನ ನಿಲುಗಡೆಗೆ ಕರೆದೊಯ್ಯಿರಿ. ಪೂಜಾಸ್ಥಳಗಳ ಬಗೆಗಿನ ವಿವಾದಗಳ ಕುರಿತು ಒಂದು ಮಾತೂ ಆಡಕೂಡದು.

ಎದುರಾಳಿಯ ಸೈನ್ಯದ ಬಗ್ಗೆಯೂ ಜಾಗ್ರತೆ ಇರಲಿ. ಅಂದು ಕೋಟೆಗೆ ನುಗ್ಗಿದವರಲ್ಲಿ ಮದ್ರಾಸು, ಬೊಂಬಾಯಿ ಸೈನ್ಯಗಳ ಸಿಪಾಯಿಗಳಿದ್ದರು, ಹೈದರಾಬಾದ್ ನಿಜಾಮನ ಪಡೆಯೂ ಇತ್ತು. ‘ನಾವು’, ‘ಅವರು’ ಎಂದು ಗೆರೆ ಎಳೆಯುವುದು ಅಷ್ಟು ಸುಲಭವಲ್ಲ. ನಿಮ್ಮ ಮುಂದೆ ನಿಂತ ತಮಿಳುನಾಡಿನ ಅತಿಥಿಯ ಪೂರ್ವಜರು ಆ ಸೈನ್ಯದಲ್ಲಿದ್ದಿರಲೂಬಹುದು.

ಬಿಸಿಲು, ಹೊಳೆ, ಜನಜಂಗುಳಿ

ಏಪ್ರಿಲ್, ಮೇ ತಿಂಗಳಲ್ಲಿ ನಡಿಗೆ ಬೆಳಿಗ್ಗೆ ಹತ್ತರೊಳಗೆ ಮುಗಿಯಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಓಆರ್‌ಎಸ್ ಪೊಟ್ಟಣ, ಒಂದು ಕೊಡೆ ಪ್ರತಿ ಗುಂಪಿನ ಜೊತೆ ಇರಲಿ. ಮಂಡಿನೋವಿನವರಿಗೆ, ಗಾಲಿಕುರ್ಚಿಯವರಿಗೆ ಕೋಟೆಗೋಡೆ ಹತ್ತುವುದು ಆಗದು. ಅವರಿಗೆಂದೇ ವಾಹನದಲ್ಲಿ ಹೋಗಿ ನೋಡಬಹುದಾದ ತಾಣಗಳ ಪುಟ್ಟ ಪಟ್ಟಿ ಮೊದಲೇ ಸಿದ್ಧವಿರಲಿ.

ಹೊಳೆಯ ವಿಷಯದಲ್ಲಿ ಸಡಿಲಿಕೆ ಬೇಡವೇ ಬೇಡ. ಮೇಲ್ಗಡೆ ಕೃಷ್ಣರಾಜಸಾಗರವಿದೆ; ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹರಿವು ಬೇಗ ಏರುತ್ತದೆ. ಬಂಡೆಗಳು ಜಾರುತ್ತವೆ, ಮಡುವಿನ ಆಳ ಮೇಲಿಂದ ತಿಳಿಯುವುದಿಲ್ಲ. ಸಂಗಮದಲ್ಲಿಯೂ ವಾಟರ್ ಗೇಟಿನ ಬಳಿಯೂ ಮಕ್ಕಳನ್ನು ನೀರಿಗಿಳಿಸಬೇಡಿ. ನಡಿಗೆಯ ದಿನ ಬೆಳಿಗ್ಗೆ ನೀರು ಬಿಡುವ ಎಚ್ಚರಿಕೆ ಇದೆಯೇ ಎಂದು ವಿಚಾರಿಸುವುದು ಸಂಯೋಜಕರ ಮೊದಲ ಕೆಲಸವಾಗಲಿ. ಊರಿನ ಒಳಗೇ ರೈಲುಹಳಿ ಹಾಯುವುದರಿಂದ ಅಡ್ಡದಾರಿಯಲ್ಲಿ ಹಳಿ ದಾಟಿಸುವುದೂ ಕೂಡದು.

ರಥಸಪ್ತಮಿಯ ತೇರು, ವೈಕುಂಠ ಏಕಾದಶಿ, ದಸರಾ, ಮಹಾಲಯ ಅಮಾವಾಸ್ಯೆ, ಗುಂಬಜ್‌ನ ಉರುಸ್ ದಿನಗಳಲ್ಲಿ ಊರು ತುಂಬಿರುತ್ತದೆ. ಅಂದು ನಡಿಗೆ ಇಟ್ಟುಕೊಳ್ಳದೆ, ದಾರಿ ತೋರಿಸುವುದು, ನೀರು ಕೊಡುವುದು, ತಪ್ಪಿಸಿಕೊಂಡ ಮಕ್ಕಳನ್ನು ಸೇರಿಸುವುದಷ್ಟೇ ತಂಡದ ಕೆಲಸವಾಗಲಿ. ಶಾಲಾ ಪ್ರವಾಸದ ಬಸ್ಸುಗಳು ಹೆಚ್ಚಾಗಿ ನವೆಂಬರಿನಿಂದ ಜನವರಿವರೆಗೆ ಬರುತ್ತವೆ. ತಂಡಕ್ಕೆ ಜನ ಹೆಚ್ಚು ಬೇಕಾಗುವುದು ಆಗ.

ತರಬೇತಿ ಮತ್ತು ಲೆಕ್ಕ

ಹೊಸಬರು ಮೊದಲ ನಡಿಗೆಯಲ್ಲಿ ಸುಮ್ಮನೆ ಕೇಳಲಿ, ಎರಡನೆಯದರಲ್ಲಿ ಒಂದು ನಿಲುಗಡೆ ವಿವರಿಸಲಿ, ಆಮೇಲಷ್ಟೇ ಗುಂಪು ಅವರ ಕೈಗೆ ಹೋಗಲಿ. ಗೊತ್ತಿಲ್ಲದ ಪ್ರಶ್ನೆಗೆ ‘ನನಗೆ ತಿಳಿಯದು, ಕೇಳಿ ಹೇಳುತ್ತೇನೆ’ ಎನ್ನುವುದನ್ನು ಮೊದಲ ದಿನವೇ ಕಲಿಸಿ. ಕನ್ನಡದ ಜೊತೆ ತಮಿಳು, ಮಲಯಾಳಂ, ಹಿಂದಿ, ಇಂಗ್ಲಿಷ್ ಬಲ್ಲವರು ಒಬ್ಬೊಬ್ಬರಾದರೂ ಸರದಿಯಲ್ಲಿರಲಿ. ಯಾರ ಮಗು ಯಾವ ಶಿಕ್ಷಕರ ಜೊತೆ ಬಂದಿದೆ ಎಂಬ ಪಟ್ಟಿಯಿಲ್ಲದೆ ಶಾಲಾ ಗುಂಪನ್ನು ಒಪ್ಪಿಕೊಳ್ಳಬೇಡಿ. ಶಿಕ್ಷಕರು ಉದ್ದಕ್ಕೂ ಜೊತೆಗಿರಲೇಬೇಕು.

ದಿನದ ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ: ಎಷ್ಟು ಜನ ಬಂದರು, ಎಲ್ಲಿಂದ, ಅತಿ ಹೆಚ್ಚು ಕೇಳಿದ ಪ್ರಶ್ನೆ ಯಾವುದು, ಎಲ್ಲಿ ಏನು ಹಾಳಾಗಿದೆ. ಒಂದು ವರ್ಷದ ಈ ಪುಸ್ತಕ ಕೈಯಲ್ಲಿದ್ದರೆ, ಫಲಕ ಬೇಕು, ಶೌಚಾಲಯ ಬೇಕು, ಕುಡಿಯುವ ನೀರು ಬೇಕು ಎಂದು ಇಲಾಖೆಯ ಮುಂದೆ ನಿಂತಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಸ್ವಯಂಸೇವಕರನ್ನು ಉಳಿಸಿಕೊಳ್ಳುವುದೂ ಒಂದು ಕೆಲಸ. ತಿಂಗಳಿಗೊಮ್ಮೆ ಎಲ್ಲರೂ ಕೂಡಿ ತಿಂಡಿ ತಿನ್ನಿ, ಯಾರಾದರೂ ಬಲ್ಲವರನ್ನು ಕರೆಸಿ ಮಾತು ಕೇಳಿ. ವಿದ್ಯಾರ್ಥಿಗಳಿಗೆ ಸೇವೆಯ ಗಂಟೆಗಳ ಪ್ರಮಾಣಪತ್ರ ತಪ್ಪದೆ ಕೊಡಿಸಿ.

ಏಪ್ರಿಲ್ 18 ವಿಶ್ವ ಪರಂಪರೆ ದಿನ. ಅಲ್ಲಿಂದ ಮೇ 4ಕ್ಕೆ ಎರಡೇ ವಾರ. ಮೊದಲ ನಡಿಗೆಗೆ ಇದಕ್ಕಿಂತ ತಕ್ಕ ಕಾಲವಿಲ್ಲ. ನಿಮ್ಮ ಊರು ಶ್ರೀರಂಗಪಟ್ಟಣವೇ ಆಗಬೇಕೆಂದಿಲ್ಲ. ಚಿತ್ರದುರ್ಗದಲ್ಲಿರಲಿ, ಕಿತ್ತೂರಿನಲ್ಲಿರಲಿ, ಕೋಟೆಯಿದ್ದಲ್ಲಿ ಈ ಕೆಲಸವಿದೆ. ಎಂಟು ಜನರನ್ನು ಗೊತ್ತುಮಾಡಿಕೊಳ್ಳಿ, ಅನುಮತಿಯ ಪತ್ರವನ್ನು ಈ ವಾರವೇ ಬರೆದು ಕಳಿಸಿ.